‘ಇಲ್ಲ’ ಮತ್ತು ‘ಕಂಡಿಲ್ಲ’

ಹೊಸಪೇಟೆಯ ಒಂದು ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದೇನೆ. ಕಣ್ಣೂ ಸೋತಿದೆ, ಬಾಯಿಯೂ ಸೋತಿದೆ. ಕ್ಷಯ ಎಂದರೆ ಕೆಮ್ಮು, ಕಫ, ಅಷ್ಟೇ ಎಂದು ಜನ ತಿಳಿದುಬಿಟ್ಟಿದ್ದಾರೆ. ಕುತ್ತಿಗೆಯಲ್ಲಿ ಗಂಟು ಎದ್ದವರೂ ಡಬ್ಬಿಯಲ್ಲಿ ಉಗುಳು ಹಿಡಿದುಕೊಂಡೇ ಬರುತ್ತಾರೆ. ಗಂಟಿನಲ್ಲಿರುವುದು ಉಗುಳಿನಲ್ಲಿ ಹೇಗೆ ಸಿಗಬೇಕು ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ.

ಶ್ವಾಸಕೋಶದ ಹೊರಗಿನ ಕ್ಷಯವನ್ನು ಹಿಡಿಯುವುದು ತಲೆನೋವಿನ ಕೆಲಸ. ಕಫದಲ್ಲಿ ಇರುವಷ್ಟು ಕ್ರಿಮಿಗಳು ಗಂಟಿನಲ್ಲಿ ಇರುವುದಿಲ್ಲ. ಸೂಜಿಯಿಂದ ತೆಗೆದ ಹನಿಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ನೋಡಿದರೆ ಅಂದೇ ಉತ್ತರ ಸಿಗುತ್ತದೆ, ಆದರೆ ಕ್ರಿಮಿ ದಂಡಿಯಾಗಿದ್ದರೆ ಮಾತ್ರ ಕಾಣುತ್ತದೆ. ಕ್ರಿಮಿಯ ಜೀನು ಹುಡುಕುವ ಮಷೀನು ಒಂದೆರಡು ಗಂಟೆಯಲ್ಲಿ ಹೇಳುತ್ತದೆ, ಕಮ್ಮಿ ಇದ್ದರೂ ಹಿಡಿಯುತ್ತದೆ; ಗಂಟಿನ ವಿಷಯದಲ್ಲಿ ಅದೂ ಒಮ್ಮೊಮ್ಮೆ ಕೈಕೊಡುತ್ತದೆ. ಕಲ್ಚರ್ ಎಂದರೆ ಕ್ರಿಮಿಯನ್ನು ಬೆಳೆಸಿ ನೋಡುವುದು. ನಂಬಿಕೆಗೆ ಅದೇ ಮೇಲು, ಆದರೆ ವಾರಗಟ್ಟಲೆ ಕಾಯಬೇಕು. ಕಂಪ್ಲಿ ಅಕ್ಕಿಯ ಚೀಲದಿಂದ ಒಂದು ಹಿಡಿ ತೆಗೆದು, ಅದರಲ್ಲಿ ಕಲ್ಲು ಸಿಗಲಿಲ್ಲವೆಂದು ಚೀಲದಲ್ಲೇ ಕಲ್ಲಿಲ್ಲ ಎಂದು ಯಾರೂ ಹೇಳುವುದಿಲ್ಲ. ನಾನು ಒಮ್ಮೆ ಹೇಳಿದೆ.

ಮೆಟ್ರಿ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದಿದ್ದಳು. ಗದ್ದೆ ನಾಟಿಗೆ ಹೋಗುವವಳು, ಕುತ್ತಿಗೆಯ ಎಡಕ್ಕೆ ನಿಂಬೆಕಾಯಿಯಷ್ಟು ಗಂಟು. ಮನೆಯಲ್ಲಿ ಒಂದೂವರೆ ವರ್ಷದ ಕೂಸು. ಇದು ಗಂಡಮಾಲೆ, ಕ್ಷಯದ ಗಂಟು, ಎಂದು ಊರಲ್ಲಿ ಯಾರೋ ಅಂದ ದಿನದಿಂದ ಅತ್ತೆ ಅವಳ ತಟ್ಟೆ ಬೇರೆ ಮಾಡಿ, ಕೂಸನ್ನು ತನ್ನ ಪಕ್ಕ ಮಲಗಿಸಿಕೊಳ್ಳುತ್ತಿದ್ದಳು. ಕೆಟ್ಟ ಹೆಂಗಸಲ್ಲ, ಹೆದರಿದ್ದಳು. ಎದೆಯ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಬರೀ ಗಂಟಿನ ಕ್ಷಯವಾದರೆ ಉಸಿರಿನಿಂದ ಅಂಟುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅದು ಅತ್ತೆಯ ಕಿವಿಗೆ ಬಿದ್ದಿರಲಿಲ್ಲ.

ಅವಳ ಗಂಟಿನ ಹನಿ ಸವರಿದ ಗಾಜಿನ ಪಟ್ಟಿಯಲ್ಲಿ ಕ್ರಿಮಿ ಕಾಣಲಿಲ್ಲ. ಮಷೀನಿಗೂ ಸಿಗಲಿಲ್ಲ. ಕಲ್ಚರಿಗೆಂದು ಇನ್ನೊಂದು ಪಾಲು ದೊಡ್ಡ ಲ್ಯಾಬಿಗೆ ಹೋಗಿತ್ತು. ಅತ್ತೆ ಸೊಸೆ ವರದಿಗೆಂದು ಕಿಟಕಿಗೆ ಬಂದಾಗ ಊಟದ ಹೊತ್ತು ಮೀರಿತ್ತು, ಹಿಂದೆ ಉದ್ದ ಸಾಲು. ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದು ನಾನೇ ಬರೆದಿದ್ದೆ. ಬಾಯಲ್ಲಿ ಬಂದದ್ದು ಬೇರೆ.

“ಏನೂ ಇಲ್ಲವ್ವ, ಹೋಗ್ರಿ.”

ಇನ್ನೊಂದು ವರದಿ ಬರಬೇಕು ಎಂದು ನೆನಪಾಗಿ ಕೂಗುವ ಹೊತ್ತಿಗೆ ಅವರು ಮೆಟ್ಟಿಲು ಇಳಿದಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಐದು ವಾರಕ್ಕೆ ಕಲ್ಚರಿನಲ್ಲಿ ಕ್ರಿಮಿ ಬೆಳೆದಿತ್ತು. ಅವರು ಕೊಟ್ಟ ನಂಬರಿಗೆ ಫೋನು ಹತ್ತಲಿಲ್ಲ. ಆರೋಗ್ಯ ಕಾರ್ಯಕರ್ತೆ ಮೆಟ್ರಿಗೆ ಹೊರಟಾಗ ನಾನೂ ಬಸ್ಸು ಹತ್ತಿದೆ. ಅದು ನನ್ನ ಕೆಲಸವಲ್ಲ. ನಾಚಿಕೆ ಎಳೆದುಕೊಂಡು ಹೋಯಿತು.

ಅವಳು ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಅನ್ನ ಉಣಿಸುತ್ತಿದ್ದಳು. ತಾಯಿಗೂ ಕೂಸಿಗೂ ಒಂದೇ ತಟ್ಟೆ. ಗಂಟು ಒಡೆದು ಸೋರುತ್ತಿತ್ತು, ಮೇಲೆ ಅರಿಶಿನ ಮೆತ್ತಿದ್ದರು. ಅತ್ತೆ ನನ್ನನ್ನು ಗುರುತು ಹಿಡಿದು ಕುಂದ್ರಿ ಎಂದು ಚಾಪೆ ಹಾಸಿದಳು, ಚಹಾ ಇಟ್ಟಳು. ಆ ಮರ್ಯಾದೆ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹೊಸ ವರದಿಯ ಮಾತು ಹೇಳಿದೆ.

“ಅವತ್ತು ಇಲ್ಲ ಅಂದ್ರಿ, ಇವತ್ತು ಐತಿ ಅಂತೀರಿ,” ಎಂದಳು ಅತ್ತೆ. “ಯಾವ್ದು ಖರೇ?”

“ಅವತ್ತು ನಮಗ ಕಂಡಿರಲಿಲ್ಲರಿ. ಇಲ್ಲ ಅಂದಿದ್ದು ನನ್ನ ತಪ್ಪು.”

ಕಾರ್ಯಕರ್ತೆ ಮಾತ್ರೆಯ ವಿಷಯ ತೆಗೆದಳು: ಆರು ತಿಂಗಳು ತಪ್ಪದೆ ನುಂಗಬೇಕು, ವಾಸಿಯಾಗುತ್ತದೆ. ಆ ಹೆಣ್ಣುಮಗಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನೀವು ಇಲ್ಲ ಅಂದ ದಿನವೇ ಕೂಸು ನನ್ನ ಪಕ್ಕಕ್ಕೆ ಬಂತು, ಆವತ್ತು ಭಾಳ ದಿನದ ಮೇಲೆ ನಿದ್ದೆ ಬಂತು ಎಂದು ನನಗೇ ಹೇಳಿದಳು. ಆಮೇಲೆ ಕೇಳಿದಳು.

“ಕೂಸು ನನ್ನ ಹಂತ್ಯಾಕ ಮಲಗಬಹುದಲ್ರಿ ಮೇಡಂ? ಎದ್ಯಾಗ ಏನೂ ಇಲ್ಲಲ್ಲ?”

ಮಲಗಬಹುದು ಎನ್ನಲು ಬಾಯಿ ತೆರೆದೆ. ಎಕ್ಸ್‌ರೇ ತೆಗೆದು ಒಂದೂವರೆ ತಿಂಗಳಾಗಿತ್ತು. ಒಮ್ಮೆ ಸುಟ್ಟ ನಾಲಿಗೆ ತಡವರಿಸಿತು.

“ಏನೂ ಕಂಡಿಲ್ಲವ್ವ,” ಎಂದೆ. “ನಾಳೆ ಇನ್ನೊಮ್ಮೆ ನೋಡೂಣು.”

“ಕಂಡಿಲ್ಲ ಅಂದ್ರ ಇಲ್ಲ ಅಂತೇನ್ರಿ?”

ಅದನ್ನು ಕೇಳಿದವಳು ಅತ್ತೆ. ಕೇಳುತ್ತಲೇ ಅವಳು ಬಗ್ಗಿ, ತುತ್ತು ಇನ್ನೂ ಬಾಯಲ್ಲಿದ್ದ ಕೂಸನ್ನು ಸೊಸೆಯ ತೊಡೆಯಿಂದ ಎತ್ತಿಕೊಂಡಳು.

ಮರುದಿನದ ಎಕ್ಸ್‌ರೇಯಲ್ಲೂ ಎದೆ ಸ್ವಚ್ಛವಾಗಿತ್ತು. ಕೂಸು ತಾಯಿಯ ಹತ್ತಿರವೇ ಮಲಗಲಿ ಎಂದು ವೈದ್ಯರು ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ನಡುವಿನ ಆ ಒಂದು ರಾತ್ರಿ ಆ ತಾಯಿಗೆ ನಿದ್ದೆ ಬಂತೇ ಎಂದು ನಾನು ಕೇಳಲಿಲ್ಲ.