ಹೇಮಶ್ರೀ ಕಳಿಸಿದ ವಾಯ್ಸ್

ಶೆಟ್ಟಿಹಳ್ಳಿಯ ದಾಕ್ಷಾಯಣಿ ಮೇಡಂ ಗಣಿತದ ಟೀಚರು. ಕುಣಿಗಲ್ ಕಡೆಯ ಹುತ್ರಿದುರ್ಗದಲ್ಲಿ ಹುಟ್ಟಿ, ತುಮಕೂರಿನ ಈ ಶೆಟ್ಟಿಹಳ್ಳಿ ಬಡಾವಣೆಗೆ ಸೊಸೆಯಾಗಿ ಬಂದು, ಈಗ ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಬಾಯಿ ಜೋರು, ಮನಸ್ಸು ಮೆತ್ತಗೆ. ಗಂಡ ಅನಂತರಾಜು ಇನ್ನೂ ಕಾಫಿ ಊದಿಕೊಳ್ಳುತ್ತಿರುವಾಗಲೇ ತೊಳೆಯುವುದಕ್ಕೆ ಲೋಟ ಕೇಳುವ ಪೈಕಿ.

ಹೋದ ವರ್ಷ ಶಾಲೆಗೆ ಒಂದಷ್ಟು ಟ್ಯಾಬ್ ಬಂದವು, ಜೊತೆಗೆ ತುಮಕೂರಿನಲ್ಲೊಂದು ತರಬೇತಿ. ಮಕ್ಕಳಿಗೆ ಪಾಠವೊಂದೇ ಸಾಲದು; ತಮ್ಮ ಮನಸ್ಸನ್ನು ತಾವು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ಸಿಟ್ಟು ಬಂದರೆ ಸಂಭಾಳಿಸುವುದು ಇವನ್ನೂ ಕಲಿಸಬೇಕು, ಅದಕ್ಕೆ ಟ್ಯಾಬು ಮೊಬೈಲು ಬಳಸಿಕೊಳ್ಳಿ ಎಂದರು. ಉಳಿದವರು ಊಟ ಮಾಡಿ, ಸರ್ಟಿಫಿಕೇಟ್ ತೆಗೆದುಕೊಂಡು ಮರೆತರು. ನಮ್ಮ ಮೇಡಂ ಮಾರನೇ ದಿನವೇ ಶುರು ಹಚ್ಚಿಕೊಂಡರು.

ಮೊದಲು ಮುಖಗಳ ಆಟ. ಬೆಳಿಗ್ಗೆ ಒಳಗೆ ಬರುವಾಗ ಪ್ರತಿಯೊಬ್ಬರೂ ಟ್ಯಾಬಿನ ಮೇಲೆ ನಗುವ ಮುಖವನ್ನೋ, ಅಳುವ ಮುಖವನ್ನೋ, ಸಿಟ್ಟಿನ ಮುಖವನ್ನೋ ಒತ್ತಬೇಕು. ವಾರವಿಡೀ ಇಡೀ ತರಗತಿ ನಕ್ಕಿತು. ಹಿಂದಿನ ದಿನ ಮನೆಯ ಹಸು ಸತ್ತ ಹುಡುಗಿಯೂ ನಗುವ ಮುಖವನ್ನೇ ಒತ್ತಿದ್ದಳು. ಯಾಕಮ್ಮಾ ಎಂದರೆ, "ಅಳೋದು ಒತ್ತಿದ್ರೆ ಮನೆಯವ್ರನ್ನ ಕರ್ಸ್ತೀರಲ್ಲ ಮಿಸ್" ಅಂದಳು.

"ಸರಿ, ಒತ್ತೋದು ಬೇಡ. ಮನೆಯಿಂದ ನನ್ನ ನಂಬರಿಗೆ ವಾಯ್ಸ್ ಕಳಿಸಿ. ನಾನೊಬ್ಬಳೇ ಕೇಳ್ತೀನಿ, ಯಾರಿಗೂ ಹೇಳಲ್ಲ" ಎಂದರು ಮೇಡಂ. ಇದು ಹಿಡಿಸಿತು. ಪರೀಕ್ಷೆಯ ಭಯ, ಗೆಳತಿಯ ಮುನಿಸು, ಅಣ್ಣನ ಏಟು ಎಲ್ಲವೂ ದಂಡಿಯಾಗಿ ಬಂದವು. ಮೇಡಂ ಬಸ್ಸಿನಲ್ಲಿ ಕೂತು ಕೇಳುತ್ತಿದ್ದರು. ಗುಬ್ಬಿ ಬರುವುದರೊಳಗೆ ಎಲ್ಲ ಮುಗಿಯಲಿ ಅಂತ ಎರಡರಷ್ಟು ಸ್ಪೀಡಿನಲ್ಲಿ ಓಡಿಸಿ ಕೇಳುತ್ತಿದ್ದರು.

ಹಾಗೆ ಕೇಳಿದ್ದರಲ್ಲಿ ಒಂಬತ್ತನೇ ಕ್ಲಾಸಿನ ಹೇಮಶ್ರೀಯದೂ ಒಂದು. ಅವಳಪ್ಪ ಬೆಟ್ಟಸ್ವಾಮಿ ಊರಿನ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಸುಲಿಯುವವನು. ಆತನಿಗೆ ಚಿಕ್ಕಂದಿನಿಂದ ಉಗ್ಗು. "ಮಿಸ್, ಶನಿವಾರದ ಪೇರೆಂಟ್ಸ್ ಮೀಟಿಂಗಿಗೆ ನಮ್ಮಪ್ಪಂಗೆ ಬರ್ಬೇಡಿ ಅಂತ ಹೇಳ್ಬುಡಿ. ಅವ್ರು ಮಾತಾಡಿದ್ರೆ ಎಲ್ರೂ ನಗ್ತಾರೆ" ಎಂದಿದ್ದಳು ಹುಡುಗಿ. ಮೇಡಂಗೆ ಅಷ್ಟು ಸಾಕಾಯಿತು. ಹುಡುಗಿಗೆ ಅಪ್ಪನೆಂದರೆ ನಾಚಿಕೆ ಎಂದು ತೀರ್ಮಾನಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಉತ್ತರ ಕಳಿಸಿಯೇಬಿಟ್ಟರು: "ಹೇಮಾ, ನಿಮ್ಮಪ್ಪ ಉಗ್ಗ್ತಾರೆ ಅಂತ ನೀನು ನಾಚ್ಕೋಬಾರ್ದು ಕಣೇ. ಹೆತ್ತಪ್ಪ ಅಲ್ವಾ?"

ಆ ಫೋನು ಮನೆಗೆಲ್ಲ ಒಂದೇ. ಸಂಜೆ ಮಗಳ ಕೈಯಲ್ಲಿ, ಹಗಲು ಅಪ್ಪನ ಜೇಬಿನಲ್ಲಿ. ಆ ಊರಿನ ಅರ್ಧ ಮನೆಗಳಲ್ಲಿ ಹೀಗೇ ಎಂಬುದು ಮೇಡಂಗೆ ಗೊತ್ತಿಲ್ಲದ್ದೇನಲ್ಲ, ಆದರೆ ಆ ಗಳಿಗೆಯಲ್ಲಿ ತೋಚಲಿಲ್ಲ. ಶೆಡ್ಡಿನಲ್ಲಿ ಬೆಟ್ಟಸ್ವಾಮಿಯ ಕೈತುಂಬ ತೆಂಗಿನ ನಾರು. "ಸ್ಕೂಲ್ ಮಿಸ್ಸು ವಾಯ್ಸ್ ಕಳ್ಸವ್ರೆ ಕಣಣ್ಣ" ಅಂತ ಪಕ್ಕದವನೇ ಫೋನು ತೆಗೆದು ಸ್ಪೀಕರಿನಲ್ಲಿ ಹಾಕಿದ. ಮೇಡಂ ಅವರ ಜೋರು ಬಾಯಿ ಇಡೀ ಶೆಡ್ಡಿಗೆ ಕೇಳಿಸಿತು.

ಮಾರನೇ ದಿನ ಹೇಮಶ್ರೀ ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಅವಳ ಪಕ್ಕದಲ್ಲಿ ಕೂರುವ ಮಾನಸಾ ನಡೆದದ್ದನ್ನೆಲ್ಲ ಹೇಳಿ, "ಅವ್ರಪ್ಪ ಮನೇಲಿ ಮಾತೇ ಬಿಟ್ಟವ್ರಂತೆ ಮಿಸ್. ಅವ್ಳು ಇನ್ ಬರಲ್ವಂತೆ" ಅಂದಳು. ಯಾರಿಗೂ ಹೇಳುವುದಿಲ್ಲ ಎಂದಿದ್ದ ಮೇಡಂ ತಾವೇ ಊರಿಗೆಲ್ಲ ಸಾರಿದ್ದರು, ಒಂದು ಹುಡುಗಿಯ ಓದು ಅದಕ್ಕೆ ನಿಲ್ಲುವುದರಲ್ಲಿತ್ತು. ಸ್ಟಾಫ್ ರೂಮಿನಲ್ಲಿ ಆ ವಾಯ್ಸನ್ನು ಮತ್ತೆ ಹಾಕಿದರು, ಈ ಸಲ ಮಾಮೂಲಿ ಸ್ಪೀಡಿನಲ್ಲಿ. "ಎಲ್ರೂ ನಗ್ತಾರೆ" ಆದಮೇಲೆ ಹುಡುಗಿ ಬಹಳ ಹೊತ್ತು ಬಿಕ್ಕುತ್ತಿದ್ದಳು. ಬಸ್ಸಿನಲ್ಲಿ ಅದು ಗರಗರ ಎಂದಷ್ಟೇ ಕೇಳಿಸಿತ್ತು.

"ಹೋಗೋದೇನ್ ಬೇಡ ಮೇಡಂ, ಒಂದು ಫೋನ್ ಮಾಡಿ" ಎಂದರು ಹೆಡ್‌ಮಾಸ್ಟರ್ ಮಹಾಲಿಂಗಯ್ಯ.

"ಫೋನಲ್ಲಿ ಮಾಡಿರೋ ಘನಂದಾರಿ ಕೆಲಸ ಸಾಕು ಸಾರ್" ಎಂದು ಮೇಡಂ ಹೊರಟರು.

ಶೆಡ್ಡಿನಲ್ಲಿ ಬೆಟ್ಟಸ್ವಾಮಿ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಸಿಪ್ಪೆ ಬಿಡಿಸುತ್ತಿದ್ದ. ಹೇಮಶ್ರೀ ಒಂದು ಮೂಲೆಯಲ್ಲಿ ಸುಲಿದ ಕಾಯಿ ಗುಡ್ಡೆ ಹಾಕುತ್ತಿದ್ದಳು. ಮೇಡಂ ಎಲ್ಲರ ಎದುರಿಗೇ ಹೇಳಿದರು: "ತಪ್ಪು ನಂದು ಬೆಟ್ಟಸ್ವಾಮಿ. ಮಗು ನನ್ನ ನಂಬಿ ಹೇಳಿದ್ದನ್ನ ನಾನು ಡಂಗುರ ಹೊಡೆದೆ. ಸಿಟ್ಟು ನನ್ನ ಮೇಲೆ ಮಾಡ್ಕೊಳ್ಳಿ, ಅವಳ ಸ್ಕೂಲ್ ಬಿಡಿಸ್ಬೇಡಿ."

ಬೆಟ್ಟಸ್ವಾಮಿ ಬಾಯಿ ತೆರೆದ. ಮಾತು ಸಿಕ್ಕಿಕೊಂಡಿತು. ಮೇಡಂ ನಾಲಿಗೆ ತುದಿಗೆ ಅವನ ಮುಂದಿನ ಮಾತು ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ನಿಂತರು.

"ಸ್... ಸ್ಕೂಲು ನಾನು ಬಿಡಿಸಿಲ್ಲ ಮಿಸ್. ಅ... ಅವ್ಳೇ ಹೋಗ್ತಿಲ್ಲ. ಜನ ನ... ನಗೋದು ನಂಗೆ ಹೊಸದಲ್ಲ. ಮ... ಮಗಳಿಗೂ ನಾನು ನಾ... ನಾಚ್ಕೆ ಆಗೋದ್ನಾ?"

ಹೇಮಶ್ರೀ ಕೈಯಲ್ಲಿದ್ದ ಕಾಯಿ ಬಿಸಾಕಿ ಎದ್ದಳು. "ನಾಚ್ಕೆ ಅಂತ ನಾನೆಲ್ಲಪ್ಪಾ ಅಂದೆ? ಅದು ಮಿಸ್ ಅಂದಿದ್ದು! ಕ್ಲಾಸಲ್ಲಿ ಹುಡುಗ್ರು ನಿನ್ ಥರ ಮಾತಾಡಿ ತೋರಿಸ್ತಾರೆ. ನೀನ್ ಬಂದ್ರೆ ನಿನ್ನೆದುರ್ಗೇ ಆಡ್ತಾರೆ. ನಿಂಗೆ ನೋವಾಗ್ಬಾರ್ದು ಅಂತ ಕಣಪ್ಪಾ ಹೇಳಿದ್ದು."

ಮೇಡಂಗೆ ಕಪಾಳಕ್ಕೆ ಬಾರಿಸಿದಂತಾಯಿತು. ಅಣಕಿಸುತ್ತಿದ್ದದ್ದು ಅವರದೇ ತರಗತಿಯಲ್ಲಿ. ಅಷ್ಟೆಲ್ಲ ವಾಯ್ಸ್ ಕೇಳಿಯೂ ಅವರಿಗೆ ಗೊತ್ತಿರಲಿಲ್ಲ. ಬೆಟ್ಟಸ್ವಾಮಿ ಕೈಯನ್ನು ಲುಂಗಿಗೆ ಒರೆಸಿಕೊಂಡು ಮಗಳ ತಲೆಯ ಮೇಲಿಟ್ಟ. ಅತ್ತೇಬಿಟ್ಟ.

ಶನಿವಾರದ ಮೀಟಿಂಗಿಗೆ ಆತ ಬಂದು ಮುಂದಿನ ಬೆಂಚಿನಲ್ಲೇ ಕೂತ. ಅದಕ್ಕೂ ಮೊದಲು ಮೇಡಂ ತರಗತಿಯ ಬಾಗಿಲು ಹಾಕಿಕೊಂಡು, ನಾಲಿಗೆ ತೊಡರುವ ಒಂದು ವಾಕ್ಯ ಕೊಟ್ಟು, ಎಲ್ಲರಿಗೂ ಟ್ಯಾಬಿನಲ್ಲಿ ರೆಕಾರ್ಡ್ ಮಾಡಿಸಿದ್ದರು. ತಮ್ಮ ತಡವರಿಕೆ ಕೇಳಿ ಎಲ್ಲರೂ ನಕ್ಕರು. "ಇದನ್ನ ಇವತ್ತು ನಿಮ್ಮಪ್ಪ ಅಮ್ಮನ ಮುಂದೆ ಹಾಕ್ಲಾ?" ಎಂದಾಗ ನಗು ನಿಂತಿತು. "ನಾನು ಬೆಟ್ಟಸ್ವಾಮಿಯವರಿಗೆ ಹಂಗೇ ಮಾಡಿದೀನಿ, ನೀವು ದಿನಾ ಮಾಡ್ತಿದೀರ" ಎಂದು, ಎಲ್ಲರೆದುರೇ ಆ ರೆಕಾರ್ಡಿಂಗನ್ನೆಲ್ಲ ಅಳಿಸಿಹಾಕಿದರು.

ಈಗ ಮನೆಯ ಫೋನಿನಿಂದ ವಾಯ್ಸ್ ಇಲ್ಲ. ಶಾಲೆಯ ಟ್ಯಾಬಿಗೇ ಹೇಳಬೇಕು, ಉತ್ತರ ಎದುರಿಗೆ ಕೂತು. ಸೋಮವಾರ ಹೇಮಶ್ರೀ ಬಂದಳು. ಅವಳ ಸರದಿ ಬಂದಾಗ ಟ್ಯಾಬ್ ಹಿಂದಕ್ಕೆ ಕೊಟ್ಟು, "ನಂದೇನಿಲ್ಲ ಮಿಸ್" ಅಂದಳು. ಇನ್ನು ಈ ಹುಡುಗಿ ನನ್ನನ್ನು ನಂಬುವುದಿಲ್ಲ ಎಂದುಕೊಂಡರು ಮೇಡಂ.

"ನಿನ್ನೆ ಅಪ್ಪಂಗೇ ಎಲ್ಲಾ ಹೇಳ್ಬುಟ್ಟೆ ಮಿಸ್" ಅಂದಳು ಹೇಮಶ್ರೀ. "ಅವ್ರೂ ಹೇಳಿದ್ರು. ಅವ್ರು ಹೇಳಿ ಮುಗ್ಸೋಷ್ಟ್ರಲ್ಲಿ ಇಬ್ರ ಮುದ್ದೇನೂ ತಣ್ಣಗಾಗೋಗಿತ್ತು."