ತಿಂಡಿ ಆದ ಮೇಲೆ ಒಂದು

ಆ ಚೀಟಿಯಲ್ಲಿ ‘ತಿಂಡಿ’ ಎಂದು ಬರೆಸಿದವನು ನಾನು. ಎಐ ಅಲ್ಲ, ನಾನೇ. ಅದು ಅತಿ ಬುದ್ಧಿವಂತಿಕೆಯಿಂದ ಮಾಡಿದ ದಡ್ಡತನ. ಆಮೇಲೆ ಹೇಳಿದ ಸುಳ್ಳು ಮಾತ್ರ ದಡ್ಡತನವಲ್ಲ — ಅದನ್ನು ತಿಳಿದೇ ಹೇಳಿದೆ. ಅಂದು ಸಂತೆಕಟ್ಟೆಯ ನಮ್ಮ ಮೆಡಿಕಲ್‌ನಲ್ಲಿ ನಿಂತು ನಕ್ಕವರಿಗೆ, ಮತ್ತು ನನ್ನನ್ನು ನಂಬಿದ ಕಾಪು, ಕಾರ್ಕಳದ ಫಾರ್ಮಸಿಸ್ಟ್ ಗೆಳೆಯರಿಗೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಔಷಧ ಕೊಡುವುದು; ಚಟ, ಎಲ್ಲರ ದನಿ ತೆಗೆದು ಅಣಕಿಸುವುದು. ಡಾಕ್ಟರರ ಕೆಮ್ಮು, ಬಸ್ಸಿನ ಕಂಡಕ್ಟರನ ಕೂಗು, ಅಂಗಡಿಯ ಒಡತಿ ಲಿಲ್ಲಿ ಬಾಯಮ್ಮನ ಕೊಂಕಣಿ ಎಳೆತ — ಯಾರನ್ನೂ ಬಿಟ್ಟವನಲ್ಲ. ಎಂಬಿಬಿಎಸ್ ಸೀಟು ಸಿಗದೆ ಡಾಕ್ಟರರಿಗಿಂತ ಗಂಭೀರವಾಗಿ ಮಾತಾಡುವ ನನ್ನನ್ನು ಕೂಡ.

ಮಾತ್ರೆ ಹೇಗೆ ನುಂಗಬೇಕೆಂದು ದಿನಕ್ಕೆ ನೂರು ಸಲ ಹೇಳಿ ಬಾಯಿ ಒಣಗುತ್ತಿತ್ತು. ಅದಕ್ಕೇ ಒಂದು ಎಐ ಸಹಾಯಕನನ್ನು ಸಿದ್ಧಮಾಡಿದೆ. ನಿಯಮಗಳನ್ನು ಒಮ್ಮೆ ಬರೆದಿಟ್ಟರೆ ಸಾಕು. ವೈದ್ಯರು ಬರೆದ ಔಷಧದ ವಿವರ ಕೊಟ್ಟ ಕೂಡಲೇ ಗ್ರಾಹಕರಿಗೆ ಕನ್ನಡದ ಚೀಟಿ ತಯಾರು. ಯಾವ ಅಂಗಡಿಯವರೂ ಬಳಸಬಹುದು. ಮೊದಲ ಚೀಟಿಯಲ್ಲಿ ಅದು ಬರೆದದ್ದು — ‘ಬೆಳಿಗ್ಗೆ ಉಪಾಹಾರ ಸೇವಿಸಿದ ನಂತರ, ಪ್ರತಿದಿನ ಒಂದು ಮಾತ್ರೆ.’ ನಾನು ಅದನ್ನು ಸುದ್ದಿ ಓದುವವರ ದನಿಯಲ್ಲಿ ಓದಿ ತೋರಿಸಿದೆ. ಬಾಯಮ್ಮ ನಗುತ್ತಾ, “ಎಂತ ಮಾರಾಯ, ಮಾತ್ರೆ ಕೊಡುವುದಾ, ಸನ್ಮಾನ ಮಾಡುವುದಾ?” ಎಂದರು.

ಆ ನಗುವಿಗೆ ಉಬ್ಬಿ ಹೊಸ ನಿಯಮ ಹಾಕಿದೆ: ಜನರ ಮಾತಿನಲ್ಲಿ ಬರೆ. ಉಪಾಹಾರ ಬೇಡ, ತಿಂಡಿ ಎನ್ನು. ತಿಂಡಿ ಎಂದ ಮೇಲೆ ‘ಬೆಳಿಗ್ಗೆ’ ಬೇಡ, ‘ಪ್ರತಿದಿನ’ವೂ ಬೇಡ. ಚೀಟಿ ಚಿಕ್ಕದಾಯಿತು: ‘ತಿಂಡಿ ಆದ ಮೇಲೆ ಒಂದು.’ ಯಾವ ಜನ, ಯಾರ ಮಾತು — ಅದನ್ನು ಯೋಚಿಸಲಿಲ್ಲ. ಒಂದೆರಡು ತಿಂಗಳಲ್ಲೇ ಕಾಪುವಿನವರು ಆ ನಿಯಮವನ್ನು ಕೇಳಿ ಪಡೆದರು, ಕಾರ್ಕಳದವರು ಹೊಗಳಿದರು. ಉಡುಪಿಯಲ್ಲಿ ಇನ್ನಷ್ಟು ಅಂಗಡಿಯವರಿಗೆ ಅದನ್ನು ವಿವರಿಸಲು ನನ್ನನ್ನು ಕರೆದರು. ಒಪ್ಪಿಕೊಂಡೆ.

ಮರುವಾರ ಯಲ್ಲವ್ವ ಬಂದಳು. ಬಾಗಲಕೋಟೆ ಕಡೆಯವಳು, ಹೆದ್ದಾರಿ ಪಕ್ಕದ ಕಟ್ಟಡದಲ್ಲಿ ಕೂಲಿ. ಹೊಸದಾಗಿ ಸಕ್ಕರೆ ಕಾಯಿಲೆ ಹಿಡಿದು, ಎರಡು ತಿಂಗಳ ಹಿಂದೆ ನಮ್ಮಲ್ಲೇ ಮಾತ್ರೆ ಒಯ್ದಿದ್ದಳು. ಈಗ ಕಾಲಿಗೆ ಬ್ಯಾಂಡೇಜು. ಮೊಳೆ ಚುಚ್ಚಿದ ಗಾಯ ಮಾಯಲೇ ಇಲ್ಲವಂತೆ. ಮಣಿಪಾಲದ ಆಸ್ಪತ್ರೆಯಲ್ಲಿ ಆ ಕಾಲಿನ ಕಿರುಬೆರಳು ತೆಗೆದಿದ್ದರು. ಮಾತ್ರೆಯ ಸ್ಟ್ರಿಪ್ಪುಗಳನ್ನು ಕೌಂಟರಿನ ಮೇಲಿಟ್ಟಳು. ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ಜೊತೆಗೆ ನನ್ನ ಚೀಟಿ.

“ದಿನಾ ಯಾಕೆ ತಗೊಳ್ಳಲಿಲ್ಲ ಅಮ್ಮ?” ಎಂದು ಬಾಯಮ್ಮ ಕೇಳಿದರು.

“ಚೀಟ್ಯಾಗ ಬರದಾಂಗ ತಗೊಂಡೇನ್ರಿ. ತಿಂಡಿ ಆದಾಗ ಒಂದು, ತಿಂಡಿ ಆದಾಗ ಒಂದು” — ಹಾಗೆನ್ನುತ್ತಲೇ ಅವಳು ಮೊಣಕೈಯನ್ನು ಕೆರೆದುಕೊಂಡು ತೋರಿಸಿದಳು.

ಬಾಯಮ್ಮ ಮಾತ್ರೆಗಳನ್ನು ಎಣಿಸುತ್ತಿದ್ದರು, ನೋಡಲಿಲ್ಲ. ನಾನು ನೋಡಿದೆ. ಅವಳ ಊರಿನಲ್ಲಿ ತಿಂಡಿ ಎಂದರೆ ತುರಿಕೆ. ಬೆಳಗಿನದು ಅವರಿಗೆ ನಾಷ್ಟಾ. ಸಕ್ಕರೆ ಹೆಚ್ಚಾದವರಿಗೆ ಮೈ ತುರಿಸುವುದೂ ಉಂಟು — ಹಾಗಾಗಿ ಚೀಟಿ ಅವಳಿಗೆ ಸರಿಯಾಗಿಯೇ ಕಂಡಿತ್ತು. ಮೈ ತುರಿಸಿದ ದಿನ ನುಂಗಿದ್ದಾಳೆ, ಉಳಿದ ದಿನ ಬಿಟ್ಟಿದ್ದಾಳೆ. ಅಕ್ಷರಕ್ಕೆ ಅಕ್ಷರ ನಾನು ಬರೆಸಿದಂತೆ.

ನನಗೆಲ್ಲವೂ ಒಂದೇ ಕ್ಷಣದಲ್ಲಿ ತಿಳಿಯಿತು. ಅಂಗಡಿಯಲ್ಲಿ ಏಳೆಂಟು ಜನ, ನನ್ನತ್ತಲೇ ತಿರುಗಿದ ಬಾಯಮ್ಮ, ಉಡುಪಿಯಲ್ಲಿ ಕಾಯುತ್ತಿದ್ದ ಸಭೆ... ಕೌಂಟರಿನ ಹಿಂದೆ ಇಬ್ಬರು ನಿಲ್ಲುವಷ್ಟು ಜಾಗ. ಅಂದು ಒಬ್ಬನಿಗೂ ಸಾಲದಾಯಿತು. ಆಗ ಬಾಯಿಗೆ ಬಂದದ್ದು ನನ್ನ ಹಳೆಯ ಚಟ. ಯಲ್ಲವ್ವನದೇ ದನಿ ತೆಗೆದು, “ಬಾಯಮ್ಮಾರ, ಈಕಿಗೆ ಓದಾಕ ಬರಂಗಿಲ್ರಿ!” ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಚೀಟಿಯನ್ನು ಮಡಿಚಿ ಕುಬಸದೊಳಗೆ ಇಟ್ಟುಕೊಂಡು, ಕುಂಟುತ್ತಾ ಇಳಿದು ಹೋದಳು.

ಸಂಜೆಯೊಳಗೆ ನಿಯಮ ತಿದ್ದಿದೆ. ‘ಬೆಳಿಗ್ಗೆ’, ‘ಪ್ರತಿದಿನ’ ಮರಳಿ ಬಂದವು. ಊರು ಕೇಳಿ ಪದ ಹಾಕು, ಚೀಟಿಯ ಅರ್ಥವನ್ನು ಗ್ರಾಹಕರ ಬಾಯಿಂದಲೇ ಹೇಳಿಸು ಎಂದೂ ಸೇರಿಸಿದೆ. ಹೊಸದನ್ನು ಗೆಳೆಯರಿಗೆ ಕಳುಹಿಸಿದಾಗ “ಯಾಕೆ ಬದಲು?” ಎಂದು ಕೇಳಿದರು. ಕಾಗುಣಿತ ತಪ್ಪಿತ್ತು ಎಂದೆ. ಹಳೆಯ ಚೀಟಿ ಒಯ್ದವರನ್ನು ಹುಡುಕಿ ಕೇಳಿ ಎನ್ನಲಿಲ್ಲ — ಹೇಳಿದರೆ ಕಾರಣ ಹೇಳಬೇಕಾಗುತ್ತಿತ್ತು. ಉಡುಪಿಯ ಸಭೆಯಲ್ಲಿ ಚಪ್ಪಾಳೆ ಬಿತ್ತು. ಒಂದೊಂದು ಹೊಗಳಿಕೆಗೂ ನಿಜ ಹೇಳುವ ಬಾಗಿಲು ಇನ್ನಷ್ಟು ಬಿಗಿಯಾಗುತ್ತಿತ್ತು. ಯಾರ ದನಿ ತೆಗೆಯಹೋದರೂ ಗಂಟಲಲ್ಲಿ ಅವಳದೇ ಬರುತ್ತಿತ್ತು.

ಈ ಭಾನುವಾರ ಅವಳ ತಗಡಿನ ಶೆಡ್ಡಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಿಂಡಿಯ ಕಥೆ, ನಿಯಮದ ಕಥೆ, ಸುಳ್ಳಿನ ಕಥೆ — ಎಲ್ಲವನ್ನೂ ನನ್ನ ಸ್ವಂತ ದನಿಯಲ್ಲಿ, ತೊದಲುತ್ತಾ ಹೇಳಿದೆ. ನಿಮಗೆ ಓದು ಬರುತ್ತದೆಂದು ನನಗೆ ಆಗಲೇ ಗೊತ್ತಿತ್ತು, ತಪ್ಪಾಯಿತು ಎಂದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಹಿಟ್ಟಿನ ಕೈ ಒರೆಸಿಕೊಂಡಳು.

“ಓದಾಕ ಬರಂಗಿಲ್ಲ ಅಂದಿದ್ದು ಅಂಗಡ್ಯಾಗ, ಮಂದಿ ಮುಂದ. ಬರತೈತಿ ಅಂತ ಹೇಳಾಕ ಇಲ್ಲಿಗೆ ಯಾಕ ಬಂದಿ, ತಮ್ಮಾ?”