ನೂರಾ ಮೂರು

ಹತ್ರ ಬರ್ರಿ, ದನಿ ಸಣ್ಣ ಮಾಡಿ ಹೇಳ್ತೀನಿ. ಹೊಟ್ಟ್ಯಾಗ ಇಟ್ಕೋರಿ, ಯಾರ ಮುಂದೂ ಆಡಬ್ಯಾಡ್ರಿ.

ನನಗ ಎಪ್ಪತ್ತು ದಾಟಿದ ಮ್ಯಾಲಿನ ಮಾತು. ಸೋಲಾಪುರದಾಗ ಜ್ವರದ ಸಾಥ್ ಬಂದು ಮನಿಮನಿಗೆ ಹಬ್ಬಿತ್ತು. ಮೈ ದಣಿಸಿದ್ರ ಜ್ವರಾ ಹಿಡೀತದ ಅಂತ ಹಿರ್ಯಾರು ಗಲ್ಲಿ ತಾಲೀಮಿಗೆ, ಅದೇ ಗರಡಿ ಮನಿಗೆ, ಕೀಲಿ ಹಾಕಿಸಿ, ಹುಡುಗರ ಕುಸ್ತಿ ಬಂದ್ ಮಾಡಿದ್ರು. ನನ್ನ ಗ್ವಾಡಿ ಆಚೆ ಅರಿವಿ ಅಂಗಡಿ ಶಾಂತಾಬಾಯಿ ಮನಿ. ಒಂದ ಮುಂಜಾನೆ ಆಕಿ ಮಗ ಸಿದ್ರಾಮ ತೇಕಕೋತ, "ಅವ್ವಾ, ನೂರಾ ಮೂರ ಆತು" ಅಂದಿದ್ದು ಕೇಳಸ್ತು.

"ಸಾವಕಾಶ ಮಾತಾಡೋ, ಮಗ್ಗಲ ಮುದುಕಿಗೆ ಕೇಳೀತು" ಅಂದ್ಲು ಆಕಿ.

ಜ್ವರಾ ಮುಚ್ಚಿಡಾಕತ್ತಾಳ!

ಅವತ್ತ ಅಕ್ಕಲಕೋಟದ ಬಸ್ಸಿನ್ಯಾಗ ಮಗ್ಗಲ ಕುಂತಾಕಿ ತಾನಾಗೇ, "ನಾಳಿ ನಮ್ಮ ತಮ್ಮನ ಮಗಳನ್ನ ಅರಿವಿ ಅಂಗಡಿ ಶಾಂತಾಬಾಯಿ ಮಗಗ ಕೊಡೋ ಮಾತುಕತಿ ಅದರಿ" ಅಂದ್ಲು.

ನನಗ ತಡಿಲಿಲ್ಲ. "ನಾ ಅವರ ಮಗ್ಗಲ ಮನ್ಯಾಕಿ, ತಾಯಿ. ಹುಡುಗಗ ನೂರಾ ಮೂರ ಜ್ವರಾ ಅದ" ಅಂದೆ.

ಆಕಿ ಸೆರಗು ಮೂಗಿಗೆ ಹಿಡಕೊಂಡು, ನನ್ನ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕುಂತ್ಲು.

ಮಾತುಕತಿಗೆ ಯಾರೂ ಬರಲಿಲ್ಲ. ಮೂರನೇ ದಿನ ಶಾಂತಾಬಾಯಿ ಮಗನ ರಟ್ಟಿ ಹಿಡಕೊಂಡು ನನ್ನ ಬಾಗಲಕ್ಕ ಬಂದ್ಲು.

"ಮುಟ್ಟಿ ನೋಡ್ರಿ ಆಯಿ, ಮೈ ಬಿಸಿ ಅದ ಏನ್? ತಾಲೀಮ್ ಬಂದ್ ಆತಂತ ಮನ್ಯಾಗ ಕದ್ದು ಕುಂತು ಎದ್ದು ಬೈಠಕ್ ಹೊಡೀತಿದ್ದ. ನೂರಾ ಮೂರ ಬೈಠಕ್!"

"ಅಯ್ಯ, ನನಗೇನ ಗೊತ್ತವ್ವಾ?"

"ಜ್ವರಾ ನಮ್ಮ ಮನ್ಯಾಗ ಇಲ್ಲ ಆಯಿ, ನಿಮ್ಮ ಬಾಯಾಗ ಅದ. ಅಕ್ಕಲಕೋಟ ಮಟಾ ಹಬ್ಬಿಸಿ ಬಂದೀರಿ."